ಹೊಲದ ಅಳತೆಗೆ ಎರಡನೆಯ ಸಾಕ್ಷಿ ಬೇಕು



ರಾಂಪುರದ ಸುತ್ತಿನ ಹೊಲಗಳ ಹದ್ದುಬಸ್ತಿಗೆ ಸರಪಳಿ ಎಳೆಯುತ್ತಿದ್ದ ಕಾಲ ಮುಗಿಯುತ್ತಿದೆ. ರಾಜ್ಯದ ಭೂಮಾಪಕರು ಈಗ ರೋವರ್ ಎಂಬ ಯಂತ್ರ ಬಳಸತೊಡಗಿದ್ದಾರೆ. ಕೋಲಿನ ತುದಿಯಲ್ಲಿರುವ ಇದು ಉಪಗ್ರಹಗಳ ಸಂಕೇತ ಹಿಡಿದು ಒಂದೆರಡು ಅಂಗುಲದೊಳಗೆ ಗಡಿ ತೋರಿಸುತ್ತದೆ. ಒಳ್ಳೆಯದೇ. ಆದರೆ ಆ ಸಂಕೇತ ಎಷ್ಟು ಕ್ಷೀಣವೆಂಬುದನ್ನು ತಾವು ತಿಳಿದಿರಬೇಕು.

ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅವುಗಳ ದನಿ ನೆಲ ಮುಟ್ಟುವಾಗ ಜಾತ್ರೆಯ ಗದ್ದಲದಲ್ಲಿನ ಪಿಸುಮಾತಿನಂತಿರುತ್ತದೆ. 2011ರಲ್ಲಿ ಅಮೆರಿಕದ ಲೈಟ್‌ಸ್ಕ್ವೇರ್ಡ್ ಎಂಬ ಕಂಪನಿ ಈ ಸಂಕೇತದ ಪಕ್ಕದ ತರಂಗಪಟ್ಟಿಯಲ್ಲೇ ಸುಮಾರು 40,000 ನೆಲ ಕೇಂದ್ರಗಳ ನಿಸ್ತಂತು ಜಾಲ ಹೂಡಲು ಹೊರಟಿತು. ಷರತ್ತಿನ ಅನುಮತಿಯೂ ದೊರೆಯಿತು. ಪರೀಕ್ಷಿಸಿ ನೋಡಿದರೆ, ಸಾಲು ತಪ್ಪದೆ ಬಿತ್ತುವ ಟ್ರ್ಯಾಕ್ಟರುಗಳ ನಿಖರ ಯಂತ್ರಗಳಿಗೇ ಜೋರು ಪೆಟ್ಟು! ಮೇಲಿನ ಹೊಲದವನು ತನ್ನ ಹೊಲಕ್ಕೇ ನೀರು ಬಿಟ್ಟರೂ ಬದು ಜಿನುಗಿ ನಮ್ಮ ಶೇಂಗಾ ಕೊಳೆಯುವುದಿಲ್ಲವೇ, ಹಾಗೆ. ಪಕ್ಕದ ಪಟ್ಟಿಗೂ ಕಿವಿಗೊಡುವ ಯಂತ್ರದ್ದೇ ತಪ್ಪೆಂದು ಕಂಪನಿ ವಾದಿಸಿತು. ಅದರಲ್ಲಿ ಸ್ವಲ್ಪ ಹುರುಳಿತ್ತು. ಆದರೆ ಸಾಲ ಮಾಡಿ ಯಂತ್ರ ಕೊಂಡವನಿಗೆ ಆ ವಾದದಿಂದ ಏನು ಬಂತು? 2012ರ ಫೆಬ್ರುವರಿಯಲ್ಲಿ ಅಲ್ಲಿನ ಸಂಪರ್ಕ ಆಯೋಗ ಅನುಮತಿ ಹಿಂತೆಗೆಯಲು ಮುಂದಾಯಿತು. ಹೆಸರು ಬದಲಿಸಿಕೊಂಡ ಅದೇ ಕಂಪನಿಗೆ 2020ರಲ್ಲಿ, ಕಡಿಮೆ ಶಕ್ತಿಯ ಷರತ್ತಿನೊಡನೆ, ಮತ್ತೆ ಅನುಮತಿ ಸಿಕ್ಕಿತು.

ಊರಿನ ಮೊಬೈಲ್ ಗೋಪುರ ಕಂಡು ಹೆದರಬೇಕಾಗಿಲ್ಲ. ಅದರ ಪಟ್ಟಿಗಳು ದೂರದಲ್ಲಿವೆ. ಆದರೆ ಒಂದೇ ಸಂಕೇತವನ್ನು ನಂಬಿ ಕೂರಬಾರದು. ಪಕ್ಕದ ಚಳ್ಳಕೆರೆ ತಾಲ್ಲೂಕಿನ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯ ವಾಹನ ತಾನಾಗಿ ಇಳಿಯಿತಷ್ಟೆ. ಅದಕ್ಕೆ ಉಪಗ್ರಹದ ಸಂಕೇತವಲ್ಲದೆ ನೆಲದ ಮೇಲಿನ ಸಂಕೇತ ಸ್ಥಾವರಗಳೂ, ಎತ್ತರ ಅಳೆಯುವ ರೇಡಾರೂ ಇದ್ದವು. ವಿಜ್ಞಾನಿಗಳಿಗೇ ಬೇಕಾದ ಎರಡನೆಯ ಸಾಕ್ಷಿ ನಮ್ಮ ಎರಡೆಕರೆಗೆ ಬೇಡವೇ?

ರೋವರ್ ಬಂದ ದಿನ ಮೊದಲು ಹಳೆಯ ಬಾಂದುಕಲ್ಲಿನ ಮೇಲೆ ಅದನ್ನು ಇಟ್ಟು, ನಕ್ಷೆಗೆ ತಾಳೆಯಾಗುವುದನ್ನು ತೋರಿಸಿರೆಂದು ಕೇಳಿರಿ. ಪರದೆಯಲ್ಲಿ ‘ಫಿಕ್ಸ್’ ಎಂದು ಬರಬೇಕು. ‘ಫ್ಲೋಟ್’ ಎಂದಿದ್ದರೆ ಅಳತೆ ಅಡಿಗಟ್ಟಲೆ ತಪ್ಪಬಹುದು, ಕಲ್ಲು ನೆಡಲು ಒಪ್ಪಬೇಡಿರಿ. ಇನ್ನೊಂದು ಹೊತ್ತಿನಲ್ಲಿ ಮತ್ತೆ ಅಳೆಯಲಿ. ಸರ್ಕಾರವೂ ಪಕ್ಕದ ಪಟ್ಟಿಯನ್ನು ಯಾರಿಗಾದರೂ ಹಂಚುವ ಮೊದಲು ಭೂಮಾಪಕರ ಯಂತ್ರವನ್ನು ಹೊಲದಲ್ಲಿಟ್ಟು ಪರೀಕ್ಷಿಸಲಿ. ಬಾಂದುಕಲ್ಲು ಕಿತ್ತು ಕೊಟ್ಟಿಗೆಗೆ ಹಾಸಿಕೊಂಡವರು ಮಾತ್ರ ಯಾರನ್ನು ಸಾಕ್ಷಿಗೆ ಕರೆಯುತ್ತಾರೋ ನಾನರಿಯೆ.