ಬರಿ ಹೊಟ್ಟೆಯಲ್ಲಿ ಸಕ್ಕರೆ ಎಲ್ಲಿಂದ ಬಂತು?

'ಸಾರ್, ನಮ್ಮ ತಾತನಿಗೆ ಸಕ್ಕರೆ ಕಾಯಿಲೆ. ರಾತ್ರಿ ಎರಡೇ ಚಪಾತಿ ತಿಂದು ಮಲಗುತ್ತಾರೆ. ಆದರೂ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ನೋಡಿದರೆ ಸಕ್ಕರೆ 160! ಕದ್ದು ತಿನ್ನುತ್ತಾರೆಂದು ಅಜ್ಜಿ ಬೆಲ್ಲದ ಡಬ್ಬಿ ಬಚ್ಚಿಟ್ಟಿದ್ದಾರೆ' ಎಂದ ಬನಶಂಕರಿಯ ಒಬ್ಬ ಹುಡುಗ.

ತಾತ ಕದ್ದಿರಲಿಕ್ಕಿಲ್ಲ. ನಿದ್ದೆಯಲ್ಲೂ ಮಿದುಳಿಗೆ ಗ್ಲೂಕೋಸ್ ಬೇಕು. ಅದನ್ನು ಕೂಡಿಟ್ಟು ಒದಗಿಸುವ ಉಗ್ರಾಣ ನಮ್ಮ ಪಿತ್ತಜನಕಾಂಗ, ಅಂದರೆ ಲಿವರ್. ನಸುಕಿನಲ್ಲಿ ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳು ಏರಿದಾಗ ಅದು ಇನ್ನಷ್ಟು ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ಆರೋಗ್ಯವಂತರಲ್ಲಿ ಇನ್ಸುಲಿನ್ ಇದನ್ನು ಹತೋಟಿಯಲ್ಲಿಡುವುದರಿಂದ ಬರಿ ಹೊಟ್ಟೆಯ ಸಕ್ಕರೆ 100 ಮಿ.ಲೀ. ರಕ್ತಕ್ಕೆ 100 ಮಿಲಿಗ್ರಾಂ ಒಳಗಿರುತ್ತದೆ. ಮಧುಮೇಹಿಗಳಲ್ಲಿ ಆ ಹತೋಟಿ ಸಡಿಲ.

ಹಾಗೆಂದು ರಾತ್ರಿ ಉಪವಾಸ ಮಲಗಿಸಬೇಡಿ. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರಾ ಇಳಿದು ಅಪಾಯವಾದೀತು. ಊಟ ಬೇಗ ಮುಗಿಯಲಿ. ಅನ್ನ, ಚಪಾತಿ ಮಿತವಾಗಿದ್ದು ಪಲ್ಯ, ಬೇಳೆ ಹೆಚ್ಚಲಿ. ಬಳಿಕ ಹತ್ತು ನಿಮಿಷ ನಡೆಯಲಿ.

ಬೆಳಗಿನ ತಿಂಡಿಗೂ ಇದೇ ಲೆಕ್ಕ. ನಾಲ್ಕು ಇಡ್ಲಿ ಎರಡಾಗಲಿ, ಜೊತೆಗೆ ತರಕಾರಿ ತುಂಬಿದ ಸಾಂಬಾರ್ ಇರಲಿ. ಬಾಳೆಲೆಯಲ್ಲಿ ಅನ್ನಕ್ಕೆ ಮೊದಲು ಕೋಸಂಬರಿ, ಪಲ್ಯ ಬಡಿಸುತ್ತಾರಲ್ಲ, ಅದೇ ಕ್ರಮದಲ್ಲಿ ತಿಂದರೆ ಸಕ್ಕರೆ ನಿಧಾನವಾಗಿ ಏರುತ್ತದೆ. ರಾಗಿ ಒಳ್ಳೆಯದೆಂದು ಎರಡು ಲೋಟ ಗಂಜಿ ಕುಡಿದರೆ ಪ್ರಯೋಜನವಿಲ್ಲ; ನುಣ್ಣಗಿನ ಹಿಟ್ಟು ತೆಳ್ಳಗೆ ಬೆಂದಾಗ ಬೇಗ ಜೀರ್ಣವಾಗುತ್ತದೆ. ಕಾಫಿಗೆ ಸಕ್ಕರೆಯ ಬದಲು ಬೆಲ್ಲ ಹಾಕಿದರೂ ಅಷ್ಟೆ.

160 ಎಂದು ಬರೆದ ಚೀಟಿಯನ್ನು ವೈದ್ಯರಿಗೆ ತೋರಿಸಿ. ಔಷಧದ ಅಳತೆ, ವೇಳೆಯನ್ನು ಅವರು ತಿದ್ದಲಿ. ತಾತನ ಮೇಲಿನ ಅನುಮಾನವನ್ನು ಮಾತ್ರ ಮನೆಯವರೇ ತಿದ್ದಿಕೊಳ್ಳಬೇಕು.