ಬಿಡುವೂ ದುಡಿಮೆಯೇ

ಕಂಪ್ಯೂಟರಿನ ಪರದೆಯ ಮೇಲೆ ವಿಮಾನಸಂಸ್ಥೆಯೊಂದನ್ನು ನಡೆಸುವ ‘ಏರ್‌ಲೈನ್‌ಸಿಮ್’ ಎಂಬ ಜರ್ಮನಿಯ ಅಂತರಜಾಲದ ಆಟವಿದೆ. ಮನೆಯ ಮಕ್ಕಳು ಅದನ್ನಾಡುತ್ತಿದ್ದರೆ, ಗದರಿಸುವ ಮೊದಲು ಹಿರಿಯರು ಅದರ ವೇಳಾಪಟ್ಟಿಯತ್ತ ಒಮ್ಮೆ ಕಣ್ಣು ಹಾಯಿಸಬೇಕು.

ಅಲ್ಲಿ ಪ್ರತಿಯೊಂದು ವಿಮಾನಕ್ಕೂ ಒಂದು ವಾರದ, ಎಂದರೆ 168 ಗಂಟೆಗಳ ಪಟ್ಟಿ. ಇಳಿದ ಊರಿನಿಂದಲೇ ವಿಮಾನವು ಮತ್ತೆ ಏರಬೇಕು. ಪ್ರಯಾಣಿಕರು ಇಳಿದು ಹತ್ತಲು, ಇಂಧನ ತುಂಬಲು ನಡುವೆ ಕಾಲಾವಕಾಶ ಬೇಕು. ತಪಾಸಣೆ, ದುರಸ್ತಿಗಳಿಗೆ ಬಿಡುವಿಡದಿದ್ದರೆ ಯಂತ್ರದ ಸ್ಥಿತಿ ಕುಸಿಯುತ್ತದೆ.

ಒಂದು ಲೆಕ್ಕ ನೋಡೋಣ. ಹೋಗಲು ಎರಡೂವರೆ ಗಂಟೆ, ಬರಲು ಅಷ್ಟೇ. ಎರಡೂ ಕಡೆ 45 ನಿಮಿಷದಂತೆ ನಿಲುಗಡೆ. ಒಂದು ಸುತ್ತಿಗೆ ಆರೂವರೆ ಗಂಟೆ. ಬೆಳಿಗ್ಗೆ 6ಕ್ಕೆ ಹೊರಟರೆ ಸಂಜೆ 7ಕ್ಕೆ ಎರಡು ಸುತ್ತು ಮುಗಿದವು. ಮೂರನೆಯದಕ್ಕೆ ಆಸೆಪಟ್ಟರೆ ವಿಮಾನ ಮರಳಿ ಇಳಿಯುವುದು ರಾತ್ರಿ 12-45ಕ್ಕೆ. ಆದರೆ ವಾಸ್ತವದಲ್ಲಿ ಫ್ರಾಂಕ್‌ಫರ್ಟ್ ನಿಲ್ದಾಣದಲ್ಲಿ 2011ರಿಂದ ರಾತ್ರಿ 11ರಿಂದ ಬೆಳಗಿನ 5ರವರೆಗೆ ನಿಗದಿತ ಹಾರಾಟಕ್ಕೆ ನಿಷೇಧವಿದೆ. ಮೇಲಾಗಿ, ಬಿಡುವಿಲ್ಲದ ಪಟ್ಟಿಯಲ್ಲಿ ಬೆಳಗಿನ ಒಂದು ವಿಳಂಬವು ಇಡೀ ದಿನವನ್ನು ಬೆನ್ನಟ್ಟುತ್ತದೆ.

ಪರೀಕ್ಷೆ ಸಮೀಪಿಸಿದಾಗ ಮಕ್ಕಳ ದಿನವನ್ನು ಶಾಲೆ, ಮನೆಪಾಠ, ಅಭ್ಯಾಸಗಳಿಂದ ಎಡೆಯಿಲ್ಲದಂತೆ ತುಂಬುವ ತಂದೆತಾಯಿಗಳು ಈ ನಿಯಮವನ್ನು ಮನಸ್ಸಿಗೆ ತಂದುಕೊಳ್ಳಬೇಕು. ನೆಲದ ಮೇಲೆ ನಿಂತ ಹೊತ್ತು ವ್ಯರ್ಥವಲ್ಲ; ಮುಂದಿನ ಹಾರಾಟಕ್ಕೆ ಅದೇ ಆಧಾರ.