ನೋವಿನ ಗುಳಿಗೆ ಮತ್ತು ಯಾರೂ ಕೇಳದ ಪ್ರಶ್ನೆ

ತೆಂಗಳಿಯಿಂದ ಚಿತ್ತಾಪುರ, ವಾಡಿ, ಶಹಾಬಾದದವರೆಗಿನ ನಮ್ಮ ಸೀಮೆಯಲ್ಲಿ ಮೈಕೈ ನೋವನ್ನು ಯಾರೂ ರೋಗವೆಂದು ಎಣಿಸುವುದಿಲ್ಲ. ಗಣಿಯಲ್ಲಿ ಪರಸಿ ಎಬ್ಬಿಸುವವರು, ಸಿಮೆಂಟಿನ ಚೀಲ ಹೊರುವವರು, ತೊಗರಿ ರಾಶಿ ಮಾಡುವವರು ಸಂಜೆ ಅಂಗಡಿಯ ಮುಂದೆ ನಿಂತು “ಮೈಕೈ ನೋವಿಗೊಂದು ಗುಳಿಗಿ ಕೊಡ್ರಿ” ಎಂದರೆ ಸಾಕು, ಪಟ್ಟಿಯಿಂದ ಎರಡು ಗುಳಿಗೆ ಕತ್ತರಿಸಿ ಕೈಗಿಡುತ್ತಾರೆ. ನೋವು ಎಲ್ಲಿ ಎಂದು ವಿಚಾರಿಸುವುದುಂಟು. “ನಿಮಗೆ ದಮ್ಮು ಐತೇನ್ರಿ? ಹಿಂದೆ ಯಾವ ಗುಳಿಗಿಯಿಂದಾದರೂ ಗಂಧೆ ಎದ್ದಿದ್ದವೇನು?” ಎಂದು ವಿಚಾರಿಸಿದ್ದನ್ನು ನಾನು ಕಂಡಿಲ್ಲ. ಆ ಪ್ರಶ್ನೆ ಮೊದಲು ಬರಬೇಕೆಂಬುದೇ ನನ್ನ ವಾದ.

ಆಸ್ಪಿರಿನ್ 1899ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದಿತು. ನೋವು ಬಾವುಗಳಿಗೆ ಕಾರಣವಾದ ಪ್ರೊಸ್ಟಾಗ್ಲಾಂಡಿನ್ ಎಂಬ ದ್ರವ್ಯಗಳ ತಯಾರಿಯನ್ನೇ ಅದು ತಡೆಯುತ್ತದೆಂದು 1971ರಲ್ಲಿ ಜಾನ್ ವೇನ್ ತೋರಿಸಿಕೊಟ್ಟರು. 1982ರಲ್ಲಿ ಅವರಿಗೆ ನೊಬೆಲ್ ಬಹುಮಾನದ ಪಾಲು ದೊರೆಯಿತು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳ ಕೆಲಸವೂ ಅದೇ. ಆದರೆ ಕೆಲವರ ದೇಹದಲ್ಲಿ, ಒಂದು ಕಾಲುವೆಗೆ ಒಡ್ಡು ಹಾಕಿದರೆ ನೀರು ಮತ್ತೊಂದಕ್ಕೆ ನುಗ್ಗುವಂತೆ, ಲ್ಯೂಕೋಟ್ರೀನ್ ಎಂಬ ಬೇರೆ ದ್ರವ್ಯಗಳು ಹೆಚ್ಚುತ್ತವೆ. ಶ್ವಾಸನಾಳ ಬಿಗಿಯುತ್ತದೆ, ಮೂಗು ಕಟ್ಟುತ್ತದೆ. ಸಾಮಾನ್ಯವಾಗಿ ಮೂರು ಗಂಟೆಯೊಳಗೇ. ಇನ್ನು ಕೆಲವರಿಗೆ ತುಟಿ, ಕಣ್ಣುರೆಪ್ಪೆ ಊದಿ ಮೈತುಂಬ ಗಂಧೆ ಏಳುತ್ತವೆ.

ಯಾರಿಗೆ ಅಪಾಯ? ದೊಡ್ಡವರಾದ ಮೇಲೆ ದಮ್ಮು ಹತ್ತಿದವರಿಗೆ, ಅದರಲ್ಲೂ ಮೂಗಿನಲ್ಲಿ ದುರ್ಮಾಂಸ ಬೆಳೆದು ವಾಸನೆ ತಿಳಿಯದಾದವರಿಗೆ. ತಿಂಗಳುಗಟ್ಟಲೆ ಪಿತ್ತಗಂಧೆ ಬಿಡದವರಿಗೆ. ಹಿಂದೊಮ್ಮೆ ಇಂಥ ಬಾಧೆ ಪಟ್ಟವರಿಗೆ. ದಮ್ಮಿರುವ ವಯಸ್ಕರಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಈ ತೊಂದರೆಯೆಂದು ಅಂದಾಜು. ಅಂದರೆ ಉಳಿದ ಬಹುಮಂದಿಗೆ ಗುಳಿಗೆ ಒಗ್ಗುತ್ತದೆ. ಗುಳಿಗೆಯನ್ನೇ ಬಿಡಿ ಎಂದು ದಿನಗೂಲಿಯವರಿಗೆ ಉಪದೇಶಿಸುವುದು ನನಗೆ ಸೇರದು. ಒಂದು ದಿನ ಮಲಗಿದರೆ ಅವರ ಒಲೆ ಉರಿಯುವುದಿಲ್ಲ. ಹೃದ್ರೋಗಕ್ಕಾಗಿ ಆಸ್ಪಿರಿನ್ ನುಂಗುತ್ತಿರುವವರಂತೂ ವೈದ್ಯರನ್ನು ಕೇಳದೆ ನಿಲ್ಲಿಸಲೇಬಾರದು.

ನನಗೆ ಹೆಚ್ಚು ಭಯ ಹುಟ್ಟಿಸುವುದು ಹೆಸರಿನ ಗೊಂದಲ. ಡಿಸ್ಪ್ರಿನ್ ಆಗಿಬರದೆಂದವರಿಗೆ ಬ್ರೂಫೆನ್ ಕೊಟ್ಟರೆ ಔಷಧ ಬದಲಾಯಿತೆಂದು ತೋರುತ್ತದೆ. ಮೇಲೆ ಹೇಳಿದ ದಮ್ಮಿನವರಿಗೆ ಎರಡೂ ಒಂದೇ. ಕಾಂಬಿಫ್ಲಾಮ್‌ನೊಳಗೂ ಐಬುಪ್ರೊಫೆನ್ ಉಂಟು. ಇಂಥವರಿಗೆ ಹೆಚ್ಚಾಗಿ ಒಗ್ಗುವುದು ಪ್ಯಾರಾಸಿಟಮಾಲ್, ಅದೂ ಮಿತವಾದ ಪ್ರಮಾಣದಲ್ಲಿ, ವೈದ್ಯರ ಮಾತಿನಂತೆ. ಆದರೆ ಕತ್ತರಿ ಹಾಕಿದ ತುಂಡಿನ ಮೇಲೆ ಹೆಸರಿನ ಎರಡಕ್ಷರವೂ ಉಳಿದಿರುವುದಿಲ್ಲ. ಉಸಿರುಗಟ್ಟಿ ಆಸ್ಪತ್ರೆಗೆ ಬಂದವರು “ಬಿಳೀ ಗುಳಿಗಿ” ಎಂದರೆ ವೈದ್ಯರೇನು ತಿಳಿಯಬೇಕು?

ಸೋದರ ವಿದ್ಯಾರ್ಥಿಗಳೇ, ಪಟ್ಟಿಯ ಹಿಂದಿನ ಆ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಓದಬಲ್ಲವರು ಅನೇಕ ಮನೆಗಳಲ್ಲಿ ನಾವೇ. ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ರಸ್ತೆ ಗುಡಿಸುವುದರಿಂದ ಒಂದು ಮಧ್ಯಾಹ್ನ ಉಳಿಸಿ ಮನೆಮನೆಗೆ ಹೋಗೋಣ. ಬಾಧೆ ಪಟ್ಟವರಿದ್ದರೆ ಗುಳಿಗೆಯ ಒಳಹೆಸರು, ಆದ ತೊಂದರೆ, ಆದ ವರ್ಷ ಇಷ್ಟನ್ನು ಚೀಟಿಯಲ್ಲಿ ಬರೆದು ಅವರ ಆಧಾರ್ ಚೀಟಿಯ ಜೊತೆ ಇರಿಸೋಣ. ಉಸಿರು ಕಟ್ಟಿದರೆ ಮನೆಮದ್ದಿಗೆ ಕಾಯದೆ 108ಕ್ಕೆ ಕರೆಮಾಡಬೇಕೆಂದೂ ತಿಳಿಸೋಣ. ಔಷಧಬಾಧೆಯನ್ನು ವರದಿ ಮಾಡಲು ಸರ್ಕಾರದ ಉಚಿತ ದೂರವಾಣಿ 1800-180-3024 ಇದೆ. ಅದನ್ನೂ ಆ ಚೀಟಿಯ ಹಿಂಬದಿಗೆ ಬರೆಯಬಹುದು.